ವಾಂತಿ ಇಲ್ಲ ಅಂದರೆ ಸಾಕೇ? ಕೀಮೋ ಪಡೆಯುತ್ತಿದ್ದ ಹುಡುಗಿಯೊಬ್ಬಳ ಪ್ರಕರಣ ಅಧ್ಯಯನ

ಇದು 11 ವರ್ಷದ ಹುಡುಗಿಯೊಬ್ಬಳ ಪ್ರಕರಣ. ಇಲ್ಲಿ ಅವಳನ್ನು ಮಿನ್ನು ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಗುರುತು ಸಿಗಬಾರದೆಂದು ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನಾನು ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ಔಷಧ ಬರೆಯುವುದು ವೈದ್ಯರ ಕೆಲಸ. ಅದು ಮಗುವಿನ ಹೊಟ್ಟೆಯಲ್ಲಿ ನಿಂತಿತೋ, ಹೊರಗೆ ಬಂತೋ, ಕೊಡಬೇಕಾದ ಹೊತ್ತಿಗೆ ಕೊಟ್ಟೆವೋ ಎಂದು ನೋಡುವುದು ನಮ್ಮ ಕೆಲಸ. ಕೀಮೋ ಅಂದಮೇಲೆ ವಾಂತಿ ಇದ್ದದ್ದೇ, ಸಹಿಸಿಕೊಳ್ಳಬೇಕು ಎಂಬ ಮಾತನ್ನು ಮನೆಯವರ ಬಾಯಲ್ಲೂ ಕೇಳಿದ್ದೇನೆ, ಸಿಬ್ಬಂದಿಯ ಬಾಯಲ್ಲೂ ಕೇಳಿದ್ದೇನೆ. ಆ ಮಾತು ಮಗುವಿಗೆ ಎಷ್ಟು ದುಬಾರಿಯಾಗಬಹುದು ಎಂದು ಮಿನ್ನುವಿನ ಪ್ರಕರಣ ತೋರಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಮಿನ್ನುವಿಗೆ ಮೊಣಕಾಲಿನ ಮೇಲ್ಭಾಗದ ಮೂಳೆಯಲ್ಲಿ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಇತ್ತು. ಎದೆಗೆ ಹರಡಿರಲಿಲ್ಲ. ಮೊದಲು ಕೆಲವು ವಾರ ಕೀಮೋ, ಆಮೇಲೆ ಆಪರೇಷನ್, ಮತ್ತೆ ಕೀಮೋ ಎಂದು ನಿಗದಿಯಾಯಿತು. ಔಷಧಗಳು ಮೂರು: ಸಿಸ್‌ಪ್ಲಾಟಿನ್, ಡಾಕ್ಸೊರುಬಿಸಿನ್, ಹೆಚ್ಚಿನ ಡೋಸಿನ ಮೆಥೊಟ್ರೆಕ್ಸೇಟ್.

ಕೀಮೋ ಔಷಧಗಳೆಲ್ಲ ಒಂದೇ ಮಟ್ಟಿಗೆ ವಾಂತಿ ತರುವುದಿಲ್ಲ. ಮುಂಜಾಗ್ರತೆಯ ಔಷಧ ಕೊಡದೇ ಇದ್ದರೆ ಎಷ್ಟು ಜನರಿಗೆ ವಾಂತಿಯಾಗುತ್ತದೆ ಎಂಬ ಲೆಕ್ಕದಲ್ಲಿ ಅವುಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ಶೇ. 90ಕ್ಕಿಂತ ಹೆಚ್ಚು ಜನರಿಗೆ ವಾಂತಿ ತರುವುದು ಮೇಲಿನ ಗುಂಪು. ಶೇ. 10ಕ್ಕಿಂತ ಕಡಿಮೆ ಇರುವುದು ಕೆಳಗಿನ ಗುಂಪು. ವಿನ್‌ಕ್ರಿಸ್ಟಿನ್ ಕೆಳಗಿನ ಗುಂಪಿನದು. ಸಿಸ್‌ಪ್ಲಾಟಿನ್ ಮೇಲಿನ ಗುಂಪಿನದು, ಅದರಲ್ಲೂ ತುಂಬ ಕಾಡುವ ಔಷಧ. ಮಕ್ಕಳಿಗೆ ಮೂಳೆ ಕ್ಯಾನ್ಸರಿಗೆ ಕೊಡುವ ಪ್ರಮಾಣದ ಮೆಥೊಟ್ರೆಕ್ಸೇಟ್ ಕೂಡ ಮೇಲಿನ ಗುಂಪಿಗೇ ಸೇರುತ್ತದೆ. ಅಂದರೆ ಮಿನ್ನುವಿಗೆ ಸುಲಭದ ಸುತ್ತು ಅಂತ ಒಂದೂ ಇರಲಿಲ್ಲ.

ವಾಂತಿಯ ಕಾಲವೂ ಒಂದೇ ಅಲ್ಲ. ಕೀಮೋ ಶುರುವಾಗಿ 24 ಗಂಟೆಯೊಳಗೆ ಬರುವುದು ಒಂದು. ಆಮೇಲೆ ಐದನೇ ದಿನದವರೆಗೆ ಬರುವುದು ಇನ್ನೊಂದು, ತಡವಾಗಿ ಬರುವ ವಾಂತಿ. ಕೀಮೋ ಶುರುವಾಗುವ ಮೊದಲೇ, ಆಸ್ಪತ್ರೆಯ ವಾಸನೆಗೋ ನೋಟಕ್ಕೋ ಬರುವುದು ಮೂರನೆಯದು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಮಿನ್ನುವಿಗೆ ಮೂರೂ ಬಂದವು.

ಮೊದಲ ಸುತ್ತು

ಮೇಲಿನ ಗುಂಪಿನ ಕೀಮೋ ಪಡೆಯುವ ಮಕ್ಕಳಿಗೆ ಈಗ ವಾಂತಿ ತಡೆಯಲು ಮೂರು ಔಷಧ ಒಟ್ಟಿಗೆ ಕೊಡಬೇಕೆಂದು ಮಾರ್ಗಸೂಚಿಗಳು ಹೇಳುತ್ತವೆ. ಒಂಡಾನ್ಸೆಟ್ರಾನ್ ಅಥವಾ ಅದೇ ಜಾತಿಯ ಇನ್ನೊಂದು, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಜೊತೆಗೆ ಅಪ್ರೆಪಿಟಂಟ್. ಮಿನ್ನುವಿಗೆ ಮೊದಲ ಸುತ್ತಿನಲ್ಲಿ ಸಿಕ್ಕಿದ್ದು ಎರಡು. ಅವಳಿಗೆ ಕ್ಯಾಪ್ಸೂಲ್ ನುಂಗಲು ಬರುತ್ತಿರಲಿಲ್ಲ. ಅಪ್ರೆಪಿಟಂಟ್‌ನ ದ್ರವರೂಪದ ಔಷಧ ಆಗ ಕೈಗೆ ಸಿಗಲಿಲ್ಲ. ಅದಕ್ಕಾಗಿ ಕೀಮೋ ಮುಂದೂಡುವುದು ಸರಿಯಲ್ಲ, ಎರಡರಲ್ಲಿ ಶುರು ಮಾಡೋಣ ಎಂದು ವೈದ್ಯರು ತೀರ್ಮಾನಿಸಿದರು. ಗಡ್ಡೆ ಬೆಳೆಯುತ್ತಿರುವಾಗ ಕಾಯುವುದು ಸುಲಭವಲ್ಲ, ಆ ತೀರ್ಮಾನಕ್ಕೆ ಅರ್ಥವಿತ್ತು.

ವಾರ್ಡಿನಲ್ಲಿ ಆ ಎರಡು ದಿನ ಚೆನ್ನಾಗಿಯೇ ಹೋಯಿತು. ಒಂದು ಸಲ ವಾಂತಿಯಾಯಿತು, ಅಷ್ಟೇ. ಅವಳ ತಂದೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಹೊತ್ತಿನ ಲೆಕ್ಕ ಬರೆಯುತ್ತಿದ್ದರು: ಕುಡಿದ ನೀರು, ಮೂತ್ರ, ವಾಂತಿ. ಆ ಒಂದು ಸಲ ಬಿಟ್ಟರೆ ವಾಂತಿಯ ಕಾಲಮ್ಮಿನಲ್ಲಿ ಉದ್ದಕ್ಕೂ ‘ಇಲ್ಲ’. ಎಲ್ಲರಿಗೂ ಸಮಾಧಾನವಾಯಿತು. ಸಿಸ್‌ಪ್ಲಾಟಿನ್ ಮುಗಿದು ಮೇಲಿಂದ ಕೊಡುವ ನೀರೂ ಮುಗಿದ ಮೇಲೆ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಒಂಡಾನ್ಸೆಟ್ರಾನ್ ಮಾತ್ರೆ, ಎದುರಿಗೆ ‘ವಾಂತಿಯಾದರೆ ಕೊಡಿ’ ಎಂದು ಬರೆದಿತ್ತು.

ಆ ಎರಡು ಪದಗಳ ಮೇಲೆ ಈ ಪ್ರಕರಣದ ಅರ್ಧ ಭಾಗ ನಿಂತಿದೆ.

ಮನೆಗೆ ಹೋದ ಸಂಜೆಯಿಂದ ಮಿನ್ನು ಮಂಕಾದಳು. ಊಟ ಬೇಡ ಅಂದಳು. ವಾಂತಿ ಆಗಿಲ್ಲವಲ್ಲ, ಸುಮ್ನೆ ಮಾತ್ರೆ ಯಾಕೆ ಎಂದು ಅಮ್ಮ ಕಾದರು. ಚೀಟಿಯಲ್ಲಿ ಇದ್ದದ್ದೂ ಹಾಗೇ ಅಲ್ವಾ? ರಾತ್ರಿ ವಾಂತಿ ಶುರುವಾಯಿತು. ಆಗ ಮಾತ್ರೆ ಕೊಟ್ಟರು, ಮಾತ್ರೆಯೂ ಹೊರಗೆ ಬಂತು. ಮರುದಿನವೂ ಇದೇ ಕತೆ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಅವಳ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿತು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು. ಫಿಟ್ಸ್ ಬಂತೆಂದು ಮನೆಯವರು ಹೆದರಿ ಓಡಿ ಬಂದರು. ಅದು ಫಿಟ್ಸ್ ಅಲ್ಲ. ಈ ಔಷಧ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಅಂಟಿಕೊಳ್ಳುವ ಜಾಗಗಳನ್ನು, ಅಂದರೆ ಡೋಪಮೈನ್ ರಿಸೆಪ್ಟರ್‌ಗಳನ್ನು ತಡೆಯುತ್ತದೆ. ಮಕ್ಕಳಲ್ಲಿ ಅದರಿಂದ ಸ್ನಾಯುಗಳು ಹೀಗೆ ಹಿಡಿದುಕೊಳ್ಳುವುದು ದೊಡ್ಡವರಿಗಿಂತ ಜಾಸ್ತಿ. ಡೈಫೆನ್‌ಹೈಡ್ರಮಿನ್ ಇಂಜೆಕ್ಷನ್ ಕೊಟ್ಟ ಮೇಲೆ ಬೇಗನೇ ಬಿಟ್ಟಿತು.

ಆದರೆ ಅವಳ ಒಟ್ಟು ಸ್ಥಿತಿ ಚೆನ್ನಾಗಿರಲಿಲ್ಲ. ನಾಲಿಗೆ ಒಣಗಿತ್ತು, ಮೂತ್ರ ಕಡಿಮೆಯಾಗಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಇಳಿದಿದ್ದವು, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಏಟು ಕೊಡುವ ಔಷಧ. ಅದರ ಮೇಲೆ ದೇಹ ಒಣಗಿದರೆ ಏಟು ಇನ್ನೂ ದೊಡ್ಡದಾಗುತ್ತದೆ. ವಾಂತಿಯನ್ನು ಬರೀ ಕಿರಿಕಿರಿ ಎಂದು ನೋಡಬಾರದು ಎನ್ನುವುದಕ್ಕೆ ಇದೇ ಕಾರಣ. ಮುಂದಿನ ಕೀಮೋ ಹೊತ್ತಿಗೆ ಸರಿಯಾಗಿ ಕೊಡಲು ಆಗುತ್ತದೋ ಇಲ್ಲವೋ ಎನ್ನುವುದೂ ಇದರ ಮೇಲೇ ನಿಂತಿರುತ್ತದೆ.

ಮೂರನೇ ದಿನ ಮದ್ದು ಯಾಕೆ ನಾಟಲಿಲ್ಲ

ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯರು ಒಂಡಾನ್ಸೆಟ್ರಾನ್ ಡೋಸ್ ಏರಿಸೋಣವೇ ಎಂದು ಕೇಳಿದರು. ಹಿರಿಯರು ಬೇಡ ಅಂದರು. ಅವರು ಅವತ್ತು ಕೊಟ್ಟ ವಿವರಣೆಯನ್ನು ನಾನು ಈಗಲೂ ಹೊಸ ನರ್ಸ್‌ಗಳಿಗೆ ಹೇಳುತ್ತೇನೆ.

ಕೀಮೋ ದೇಹಕ್ಕೆ ಹೋದ ಮೊದಲ ದಿನ ಕರುಳಿನ ಒಳಪದರದ ಕೆಲವು ಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕ ಬಿಡುಗಡೆ ಮಾಡುತ್ತವೆ. ಅದು ವೇಗಸ್ ನರವನ್ನು ಕೆರಳಿಸುತ್ತದೆ. ಆ ಸುದ್ದಿ ಮೆದುಳಿನ ಬುಡಕ್ಕೆ ಹೋಗಿ ವಾಂತಿ ಬರುತ್ತದೆ. ಒಂಡಾನ್ಸೆಟ್ರಾನ್ ಈ ದಾರಿಯನ್ನು ಮುಚ್ಚುತ್ತದೆ, ಅದಕ್ಕೇ ಮೊದಲ ದಿನ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೇ ದಿನದ ನಂತರ ಮುಖ್ಯ ಪಾತ್ರ ಸಬ್‌ಸ್ಟೆನ್ಸ್ ಪಿ ಎಂಬ ಇನ್ನೊಂದು ವಸ್ತುವಿನದು. ಅದು ಮೆದುಳಿನಲ್ಲಿ ಎನ್‌ಕೆ-1 ಎಂಬ ಬೇರೆ ರಿಸೆಪ್ಟರ್‌ಗೆ ಅಂಟಿಕೊಳ್ಳುತ್ತದೆ. ಒಂಡಾನ್ಸೆಟ್ರಾನ್ ಎಷ್ಟು ಸುರಿದರೂ ಆ ದಾರಿ ಮುಚ್ಚುವುದಿಲ್ಲ. ಅದನ್ನು ಮುಚ್ಚುವುದು ಅಪ್ರೆಪಿಟಂಟ್.

2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಸುಮಾರು 300 ಮಕ್ಕಳಿದ್ದರು. ಒಂದು ಗುಂಪಿಗೆ ಒಂಡಾನ್ಸೆಟ್ರಾನ್ ಜೊತೆ ಅಪ್ರೆಪಿಟಂಟ್ ಕೊಟ್ಟರು, ಇನ್ನೊಂದಕ್ಕೆ ಅಪ್ರೆಪಿಟಂಟ್ ಇರಲಿಲ್ಲ. ಎರಡೂ ಗುಂಪಿನಲ್ಲಿ ಕೆಲವರಿಗೆ ಸ್ಟೀರಾಯ್ಡ್ ಕೂಡ ಇತ್ತು. ತಡವಾಗಿ ಬರುವ ವಾಂತಿಯ ದಿನಗಳಲ್ಲಿ ವಾಂತಿಯೂ ಓಕರಿಕೆಯೂ (ಏನೂ ಹೊರಬಾರದೆ ಬರೀ ಓಕರಿಸುವುದು) ಇಲ್ಲದೆ, ಬೇರೆ ಮದ್ದಿನ ಹಂಗೂ ಇಲ್ಲದೆ ಕಳೆದವರು ಅಪ್ರೆಪಿಟಂಟ್ ಗುಂಪಿನಲ್ಲಿ ಶೇ. 51, ಇನ್ನೊಂದರಲ್ಲಿ ಶೇ. 26. ಅರ್ಧ ಮಕ್ಕಳಿಗೆ ಆಮೇಲೂ ತೊಂದರೆ ಉಳಿಯಿತು ಎನ್ನುವುದನ್ನೂ ಈ ಅಂಕಿಯಲ್ಲಿ ಓದಿಕೊಳ್ಳಬೇಕು. ಅದು ಮಿನ್ನುವಿನ ವಿಷಯದಲ್ಲೂ ನಿಜವಾಯಿತು.

ಇನ್ನೊಂದು ವಿಷಯ ಅವತ್ತು ಹೊಟ್ಟೆ ಮುಟ್ಟಿ ನೋಡಿದಾಗ ಸಿಕ್ಕಿತು. ಅವಳಿಗೆ ನಾಲ್ಕು ದಿನದಿಂದ ಮಲ ಆಗಿರಲಿಲ್ಲ. ಒಂಡಾನ್ಸೆಟ್ರಾನ್ ಮಲಬದ್ಧತೆ ತರುತ್ತದೆ. ಹೊಟ್ಟೆ ಕಟ್ಟಿದರೆ ವಾಕರಿಕೆ, ಅಂದರೆ ಹೊಟ್ಟೆ ತೊಳಸುವುದು, ಹೆಚ್ಚುತ್ತದೆ. ವಾಕರಿಕೆ ಹೆಚ್ಚಿತೆಂದು ಮತ್ತೆ ಒಂಡಾನ್ಸೆಟ್ರಾನ್ ಕೊಟ್ಟರೆ ಹೊಟ್ಟೆ ಮತ್ತೂ ಕಟ್ಟುತ್ತದೆ. ಡೋಸ್ ಏರಿಸದಿರುವುದಕ್ಕೆ ಇದೂ ಒಂದು ಕಾರಣ. ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆ ಇರುವಾಗ ಈ ಔಷಧ ಹೃದಯದ ಲಯವನ್ನು ಕೆಡಿಸುವ ಅಪಾಯ ಇನ್ನೊಂದು. ಇಸಿಜಿ ತೆಗೆದರು, ಲವಣಗಳನ್ನು ಸರಿ ಮಾಡಿದರು, ಮಲ ಸಡಿಲಿಸುವ ಔಷಧ ಶುರು ಮಾಡಿದರು. ಬರೀ ಇಷ್ಟಕ್ಕೇ ಅವಳು ಎಷ್ಟೋ ಸುಧಾರಿಸಿದಳು.

ನಾಲ್ಕು ಮುಖಗಳು

ಅವಳು ಚೇತರಿಸಿಕೊಂಡ ಮೇಲೆ ನಾವು ಒಂದು ಹಾಳೆ ಕೊಟ್ಟೆವು. ಮಕ್ಕಳ ವಾಕರಿಕೆ ಅಳೆಯಲೆಂದೇ ಮಾಡಿದ ಪಟ್ಟಿಗಳಿವೆ. ಅದರಲ್ಲಿ ಒಂದರಲ್ಲಿ ನಾಲ್ಕು ಮುಖಗಳಿರುತ್ತವೆ: ವಾಕರಿಕೆ ಇಲ್ಲವೇ ಇಲ್ಲ ಎನ್ನುವ ಮುಖದಿಂದ ತೀರಾ ಜಾಸ್ತಿ ಎನ್ನುವ ಮುಖದವರೆಗೆ. ನಾಲ್ಕು ವರ್ಷದ ಮಗು ಕೂಡ ತೋರಿಸಬಹುದು. ಹೋದ ವಾರ ಒಂದೊಂದು ದಿನ ಹೇಗಿತ್ತು ಅಂತ ನೆನಪಿದ್ದಷ್ಟು ಗುರುತು ಹಾಕು ಎಂದು ಹೇಳಿದೆವು. ನಡೆದು ಹೋದದ್ದನ್ನು ನೆನಪಿನಿಂದ ಗುರುತು ಹಾಕಿಸುವುದು ಪಕ್ಕಾ ಅಳತೆಯಲ್ಲ. ಆದರೂ ಅವಳಿಗೆ ಏನು ನೆನಪಿದೆ ಎಂದು ನೋಡಬೇಕಿತ್ತು.

ಆಸ್ಪತ್ರೆಯಲ್ಲಿದ್ದ ಎರಡನೇ ದಿನದ ಎದುರಿಗೆ ಅವಳು ಮೂರನೇ ಮುಖ ಗುರುತು ಮಾಡಿದ್ದಳು. ತಂದೆಯ ನೋಟ್‌ಬುಕ್ಕಿನಲ್ಲಿ ಅದೇ ದಿನ ‘ಇಲ್ಲ’ ಎಂದಿತ್ತು. ಇಬ್ಬರೂ ಬರೆದದ್ದು ನಿಜವೇ. ತಂದೆ ವಾಂತಿ ಎಣಿಸಿದ್ದರು. ಮಗಳಿಗೆ ದಿನವಿಡೀ ಹೊಟ್ಟೆ ತೊಳಸುತ್ತಿತ್ತು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಹೇಳಿದ್ರೆ ಮನೆಗೆ ಕಳಿಸ್ತಿರ್ಲಿಲ್ಲ ಅಲ್ವಾ ಸಿಸ್ಟರ್?’ ಅಂದಳು.

ಈ ಪ್ರಕರಣದ ದೊಡ್ಡ ತಿರುವು ನನ್ನ ಪ್ರಕಾರ ಇದೇ. ವಾಂತಿ ಹೊರಗಿನವರಿಗೆ ಕಾಣುತ್ತದೆ, ಎಣಿಸಬಹುದು. ವಾಕರಿಕೆ ಮಗುವಿಗೆ ಮಾತ್ರ ಗೊತ್ತು. ಮಗು ಮಂಕಾಗಿ ಗೋಡೆ ಕಡೆ ತಿರುಗಿ ಮಲಗಿದರೆ ಸುಸ್ತು ಅಂದುಕೊಳ್ಳುತ್ತೇವೆ, ಮುನಿಸು ಅಂದುಕೊಳ್ಳುತ್ತೇವೆ. ಬಾಯಲ್ಲಿ ಎಂಜಲು ತುಂಬಿಕೊಳ್ಳುವುದು, ಮುಖ ಬಿಳಿಚುವುದು, ಟಿವಿ ಬೇಡ ಅನ್ನುವುದು, ಅಡುಗೆ ವಾಸನೆಗೆ ಮೂಗು ಮುಚ್ಚುವುದು, ಇವೆಲ್ಲ ವಾಕರಿಕೆಯ ಗುರುತುಗಳೇ. ಆದರೆ ಕೇಳಿ ತಿಳಿದುಕೊಳ್ಳುವಷ್ಟು ನಂಬಿಕೆಯ ಗುರುತು ಇನ್ನೊಂದಿಲ್ಲ. ಕೇಳುವ ರೀತಿಯೂ ಮುಖ್ಯ. ‘ವಾಂತಿ ಬರ್ತಿದೆಯಾ?’ ಎಂದರೆ ಮಗು ಇಲ್ಲ ಅನ್ನುತ್ತದೆ. ‘ಈಗ ಹೊಟ್ಟೆ ಯಾವ ಮುಖದ ಹಾಗಿದೆ?’ ಎಂದರೆ ಬೆರಳಿಟ್ಟು ತೋರಿಸುತ್ತದೆ. ಉತ್ತರಕ್ಕೂ ಡಿಸ್ಚಾರ್ಜಿಗೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿಬಿಡಬೇಕು.

ಸ್ಪಿರಿಟ್ ವಾಸನೆ

ಮೂರು ವಾರದ ನಂತರ ಮೆಥೊಟ್ರೆಕ್ಸೇಟ್‌ಗೆ ಬಂದಳು. ಪೋರ್ಟಿಗೆ (ಔಷಧ ಕೊಡಲು ಚರ್ಮದಡಿ ಕೂರಿಸಿದ ಪುಟ್ಟ ಸಾಧನ) ಸೂಜಿ ಹಾಕಲು ಸ್ಪಿರಿಟ್ ಹತ್ತಿಯ ಪೊಟ್ಟಣ ಹರಿದದ್ದೇ ತಡ, ವಾಂತಿಯಾಯಿತು. ಔಷಧದ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಇವಳು ನಾಟಕ ಮಾಡುತ್ತಿದ್ದಾಳೆ, ಶಾಲೆ ತಪ್ಪಿಸುವ ಮಕ್ಕಳ ಹಾಗೆ, ಎಂದು ತಂದೆ ಸಿಟ್ಟಾದರು. ಅವರ ಸಿಟ್ಟಿನ ಹಿಂದೆ ಭಯ ಇತ್ತು, ಅದು ನಮಗೆ ಕಾಣುತ್ತಿತ್ತು.

ಇದು ನಾಟಕವಲ್ಲ, ದೇಹ ಕಲಿತ ಪಾಠ. ಒಂದು ವಾಸನೆಯ ಬೆನ್ನಿಗೇ ಭಾರಿ ವಾಂತಿ ಬಂದಿದ್ದರೆ, ಮುಂದೆ ಆ ವಾಸನೆಯೊಂದೇ ವಾಂತಿ ತರಿಸಬಲ್ಲದು. ಇದು ಮಗುವಿನ ಹತೋಟಿಯಲ್ಲಿಲ್ಲ. ಒಮ್ಮೆ ಬೇರು ಬಿಟ್ಟರೆ ಮಾಮೂಲಿ ವಾಂತಿ ಔಷಧಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಇದಕ್ಕೆ ಅತ್ಯುತ್ತಮ ಮದ್ದು ಮೊದಲ ಸುತ್ತಿನಲ್ಲೇ ವಾಂತಿಯಾಗದ ಹಾಗೆ ನೋಡಿಕೊಳ್ಳುವುದು. ನಾವು ಅದನ್ನು ದಾಟಿ ಬಂದಿದ್ದೆವು. ಇನ್ನು ಮಾಡಬಹುದಾದದ್ದು ಕಲಿತದ್ದನ್ನು ಮೆಲ್ಲಗೆ ಬಿಡಿಸುವುದು.

ಹೊಟ್ಟೆ ಹೀಗೆ ರುಚಿಯನ್ನೂ ಕಲಿಯುತ್ತದೆ ಎಂದು 1978ರಲ್ಲೇ ಐಲೀನ್ ಬರ್ನ್‌ಸ್ಟೀನ್ ಎಂಬ ವಿಜ್ಞಾನಿ ತೋರಿಸಿದ್ದರು. ಕೀಮೋಗೆ ಮೊದಲು ಮಕ್ಕಳಿಗೆ ಅವರು ಹಿಂದೆ ತಿಂದಿರದ ರುಚಿಯ ಐಸ್‌ಕ್ರೀಮ್ ಕೊಟ್ಟರು. ಹೊಟ್ಟೆ ಕೆಡಿಸುವ ಕೀಮೋ ಪಡೆದ ಮಕ್ಕಳು ಆಮೇಲೆ ಆ ಐಸ್‌ಕ್ರೀಮನ್ನು ಬೇಡ ಅಂದರು. ಕೀಮೋ ದಿನ ಮಗು ಬಳಲುತ್ತದೆ ಎಂದು ಪ್ರೀತಿಯಿಂದ ಅದರ ಅಚ್ಚುಮೆಚ್ಚಿನ ತಿಂಡಿ ಮಾಡಿ ತರುವ ಅಮ್ಮಂದಿರಿಗೆ ಇದನ್ನು ಹೇಳುವುದು ಕಷ್ಟ. ಆದರೆ ಹೇಳಲೇಬೇಕು. ಮಿನ್ನುವಿನ ಅಮ್ಮ ಮೊದಲ ಸುತ್ತಿನಲ್ಲಿ ತಂದದ್ದೂ ಅವಳ ಪ್ರೀತಿಯ ತಿಂಡಿಯೇ. ಚಿಕಿತ್ಸೆ ಮುಗಿಯುವವರೆಗೂ ಅವಳು ಅದನ್ನು ಮುಟ್ಟಲಿಲ್ಲ.

ಹೊಸ ಯೋಜನೆ

ವೈದ್ಯರು, ಔಷಧಾಲಯದವರು, ಮನಶ್ಶಾಸ್ತ್ರಜ್ಞೆ, ನರ್ಸ್‌ಗಳು, ಮಿನ್ನು ಮತ್ತು ಅವಳ ಅಪ್ಪ ಅಮ್ಮ ಎಲ್ಲರೂ ಒಟ್ಟಿಗೆ ಕೂತೆವು. ಅಪ್ರೆಪಿಟಂಟ್‌ನ ದ್ರವರೂಪವನ್ನು ಔಷಧಾಲಯದವರು ಅಷ್ಟರಲ್ಲಿ ತರಿಸಿದ್ದರು. ಹೆಚ್ಚು ಚರ್ಚೆ ಆದದ್ದು ಸ್ಟೀರಾಯ್ಡ್ ಬಗ್ಗೆ. ಡೆಕ್ಸಾಮೆಥಾಸೋನ್ ಪಡೆದ ದಿನಗಳಲ್ಲಿ ಮಿನ್ನು ನಿದ್ದೆ ಮಾಡಿರಲಿಲ್ಲ, ಸುಮ್ಮಸುಮ್ಮನೆ ಅತ್ತಿದ್ದಳು, ತಮ್ಮನಿಗೆ ಹೊಡೆದಿದ್ದಳು. ಅಮ್ಮ ಅದನ್ನು ಪೂರ್ತಿ ನಿಲ್ಲಿಸಿ ಎಂದರು.

ನಿಲ್ಲಿಸುವ ದಾರಿ ಇತ್ತು. ಸ್ಟೀರಾಯ್ಡ್ ಕೊಡಲಾಗದ ಮಕ್ಕಳಿಗೆ ಪಾಲೊನೊಸೆಟ್ರಾನ್ ಮತ್ತು ಅಪ್ರೆಪಿಟಂಟ್ ಎರಡನ್ನೇ ಕೊಡುತ್ತಾರೆ. ಪಾಲೊನೊಸೆಟ್ರಾನ್ ಒಂಡಾನ್ಸೆಟ್ರಾನ್ ಜಾತಿಯದೇ, ಆದರೆ ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಆದರೆ ತಡವಾಗಿ ಬರುವ ವಾಂತಿಗೆ ಸ್ಟೀರಾಯ್ಡ್ ಒಳ್ಳೆಯ ಮದ್ದು, ಒಮ್ಮೆ ಸೋತ ಮಗುವಿನಲ್ಲಿ ಅದನ್ನು ಬಿಡಲು ವೈದ್ಯರಿಗೆ ಮನಸ್ಸಿರಲಿಲ್ಲ. ಅಪ್ರೆಪಿಟಂಟ್ ಯಕೃತ್ತಿನಲ್ಲಿ ಡೆಕ್ಸಾಮೆಥಾಸೋನ್ ಕರಗುವುದನ್ನು ನಿಧಾನ ಮಾಡುತ್ತದೆ. ಹಾಗಾಗಿ ಎರಡನ್ನೂ ಕೊಡುವಾಗ ಸ್ಟೀರಾಯ್ಡ್ ಡೋಸನ್ನು ಅರ್ಧಕ್ಕೆ ಇಳಿಸುವುದು ಹೇಗೂ ನಿಯಮ. ಅರ್ಧ ಡೋಸ್, ದಿನಕ್ಕೆ ಒಂದೇ ಸಲ, ಅದೂ ಬೆಳಿಗ್ಗೆ, ಇದನ್ನು ನೋಡೋಣ, ಆಗಲೂ ನಿದ್ದೆ ಕೆಟ್ಟರೆ ಮುಂದಿನ ಸಲ ಬಿಡೋಣ ಎಂದು ಮಾತಾಯಿತು. ಅಮ್ಮ ಒಪ್ಪಿದರು. ತಮ್ಮ ಮಾತಿಗೆ ಬೆಲೆ ಸಿಕ್ಕಿತು ಎಂದು ಅವರಿಗೆ ಅನ್ನಿಸಿದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು ಎಂದು ನಾನು ನಂಬಿದ್ದೇನೆ.

ಅಪ್ರೆಪಿಟಂಟ್ ಹೀಗೆ ಬೇರೆ ಔಷಧಗಳ ಮಟ್ಟವನ್ನೂ ಏರುಪೇರು ಮಾಡುತ್ತದೆ. ಐಫಾಸ್ಫಮೈಡ್, ವಿನ್‌ಕ್ರಿಸ್ಟಿನ್, ಕೆಲವು ಫಂಗಸ್ ಔಷಧಗಳ ಜೊತೆ ಎಚ್ಚರಿಕೆ ಬೇಕು. ಔಷಧಾಲಯದವರು ಅವಳ ಪಟ್ಟಿಯನ್ನು ಪೂರ್ತಿ ನೋಡಿದ ಮೇಲೆಯೇ ಶುರು ಮಾಡಿದರು.

‘ವಾಂತಿಯಾದರೆ ಕೊಡಿ’ ಎನ್ನುವುದು ಹೋಯಿತು. ಐದನೇ ದಿನದವರೆಗೆ ಯಾವ ದಿನ ಯಾವ ಹೊತ್ತಿಗೆ ಯಾವ ಔಷಧ ಎಂದು ಒಂದು ಹಾಳೆಯಲ್ಲಿ ಬರೆದೆವು. ವಾಕರಿಕೆ ಇರಲಿ ಬಿಡಲಿ, ಹೊತ್ತಿಗೆ ಕೊಡುವುದು. ಮಾತ್ರೆ ತೆಗೆದುಕೊಂಡ ಸ್ವಲ್ಪ ಹೊತ್ತಿನಲ್ಲೇ ವಾಂತಿಯಾದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎನ್ನುವುದೂ ಅದರಲ್ಲೇ ಇತ್ತು. ಮಲ ಸಡಿಲಿಸುವ ಔಷಧವನ್ನು ತೊಂದರೆ ಬರುವ ಮೊದಲೇ ಸೇರಿಸಿದೆವು.

ಮುಂಚೆಯೇ ಬರುವ ವಾಂತಿಗೆ ಮಾಡಿದ್ದು ಬೇರೆ. ಸ್ಪಿರಿಟ್ ಪೊಟ್ಟಣವನ್ನು ಕೋಣೆಯ ಹೊರಗೆ ಬಿಚ್ಚಿ, ಚರ್ಮ ಒಣಗಿದ ಮೇಲೆ ಮುಂದಿನ ಕೆಲಸ ಮಾಡಿದೆವು. ಮಂಚ ಬದಲಿಸಿದೆವು. ಪೋರ್ಟಿಗೆ ಸಲೈನ್ ಹಾಯಿಸುವಾಗ ಕೆಲವು ಮಕ್ಕಳಿಗೆ ಬಾಯಲ್ಲಿ ಕೆಟ್ಟ ರುಚಿ ಬರುತ್ತದೆ. ಆ ಹೊತ್ತಿಗೆ ಚೀಪಲು ಅವಳು ಹಿಂದೆ ತಿಂದಿರದ ಹುಳಿ ಪೆಪ್ಪರಮೆಂಟು ಕೊಟ್ಟೆವು. ಅದು ಬೇಡವಾದರೂ ನಷ್ಟವಿಲ್ಲ, ನಿತ್ಯದ ಊಟವಂತೂ ಉಳಿಯುತ್ತದೆ. ಮನಶ್ಶಾಸ್ತ್ರಜ್ಞೆ ಅವಳಿಗೆ ಉಸಿರು ನಿಧಾನ ಮಾಡುವುದು, ಕಣ್ಣು ಮುಚ್ಚಿ ತನಗಿಷ್ಟದ ಜಾಗವನ್ನು ಇಂಚಿಂಚಾಗಿ ನೆನೆಸಿಕೊಳ್ಳುವುದು ಕಲಿಸಿದರು. ಆ ಸ್ಥಿತಿಯಲ್ಲಿದ್ದಾಗ ಮೊದಲು ಆಸ್ಪತ್ರೆಯ ಗೇಟಿನ ಚಿತ್ರ, ಆಮೇಲೆ ವಾರ್ಡಿನ ಬಾಗಿಲಿನದು, ಕೊನೆಗೆ ಮುಚ್ಚಿದ ಸ್ಪಿರಿಟ್ ಪೊಟ್ಟಣ. ದಿನಕ್ಕೆ ಒಂದೇ ಮೆಟ್ಟಿಲು. ಮುಂದಿನ ಸಿಸ್‌ಪ್ಲಾಟಿನ್‌ನ ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ ಲೋರಾಜೆಪಾಮ್ ಕೊಡುವುದೆಂದೂ ವೈದ್ಯರು ಬರೆದರು. ಅದು ಭಯವನ್ನು ತಗ್ಗಿಸುತ್ತದೆ, ಕಲಿತದ್ದನ್ನು ಅಳಿಸುವುದಿಲ್ಲ. ಎರಡೂ ಬೇಕಿತ್ತು.

ಸಂಬಂಧಿಕರೊಬ್ಬರು ಮಣಿಕಟ್ಟಿನ ಒಂದು ಬಿಂದುವನ್ನು ಒತ್ತುವ ಪಟ್ಟಿ ತಂದುಕೊಟ್ಟರು. ಕೀಮೋ ಪಡೆಯುವ ಮಕ್ಕಳಲ್ಲಿ ಇದನ್ನು ಸರಿಯಾಗಿಯೇ ಪರೀಕ್ಷಿಸಿ ನೋಡಿದ್ದಾರೆ: ತೊಂದರೆಯಿಲ್ಲ, ವಾಕರಿಕೆಯೂ ಕಡಿಮೆಯಾಗಲಿಲ್ಲ. ಮಿನ್ನುವಿಗೆ ಕಟ್ಟಿಕೊಳ್ಳಲು ಇಷ್ಟವಿತ್ತು, ಕಟ್ಟಿಕೊಂಡಳು. ಔಷಧ ಮಾತ್ರ ತಪ್ಪಲಿಲ್ಲ.

ಎರಡನೇ ಸಿಸ್‌ಪ್ಲಾಟಿನ್ ಸುತ್ತು

ಮಧ್ಯದ ಮೆಥೊಟ್ರೆಕ್ಸೇಟ್ ದಿನಗಳು ಒಂದು ರೀತಿಯಲ್ಲಿ ಅನುಕೂಲವಾದವು. ಆ ಔಷಧ ರಕ್ತದಿಂದ ಹೊರಹೋಗುವವರೆಗೆ ಮಗು ವಾರ್ಡಿನಲ್ಲೇ ಇರಬೇಕು. ಹಾಗಾಗಿ ಮನೆಯಲ್ಲಿ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತಿದ್ದ ಮೂರನೇ, ನಾಲ್ಕನೇ ದಿನಗಳನ್ನು ಇಲ್ಲಿ ನೋಡಬಹುದಿತ್ತು. ಹೊಟ್ಟೆಯ ಮುಖವನ್ನು ಅವಳೇ ದಿನಕ್ಕೆ ಎರಡು ಸಲ ಗುರುತು ಮಾಡುತ್ತಿದ್ದಳು.

ಸಿಸ್‌ಪ್ಲಾಟಿನ್ ಮತ್ತೆ ಬಂತು. ಮೊದಲ ದಿನ ಒಂದನೇ ಮುಖ. ಎರಡನೇ ದಿನ ಎರಡನೇ ಮುಖ. ನಿದ್ದೆ ಮೊದಲಿನಷ್ಟು ಕೆಡಲಿಲ್ಲ. ಮೂರನೇ ದಿನ ಸಂಜೆ ಮೂರನೇ ಮುಖಕ್ಕೆ ಏರಿತು, ರಾತ್ರಿ ಓಕರಿಕೆ ಶುರುವಾಯಿತು. ಈ ಸಲ ಅವಳನ್ನು ಮನೆಗೆ ಕಳಿಸಿರಲಿಲ್ಲ.

ಕೊಡುತ್ತಿರುವ ಔಷಧವನ್ನು ಮೀರಿ ಬರುವ ವಾಂತಿಗೆ ಅದೇ ಜಾತಿಯ ಔಷಧವನ್ನು ಮತ್ತೆ ಕೊಟ್ಟು ಪ್ರಯೋಜನವಿಲ್ಲ. ಬೇರೆ ದಾರಿ ಮುಚ್ಚುವ ಔಷಧ ಬೇಕು. ವೈದ್ಯರು ಒಲಾನ್ಜಪೈನ್ ಆರಿಸಿದರು. ಮಾನಸಿಕ ಕಾಯಿಲೆಗೆ ಬಳಸುವ ಔಷಧ ಅಲ್ವಾ ಎಂದು ತಂದೆ ಇಂಟರ್‌ನೆಟ್ಟಿನಲ್ಲಿ ನೋಡಿ ಕೇಳಿದರು. ಹೌದು, ಅದೇ. ವಾಂತಿಗೆ ಸಂಬಂಧಿಸಿದ ಹಲವು ರಿಸೆಪ್ಟರ್‌ಗಳನ್ನು ಅದು ಒಟ್ಟಿಗೆ ತಡೆಯುತ್ತದೆ, ವಾಕರಿಕೆಗೆ ವಿಶೇಷವಾಗಿ ಒಳ್ಳೆಯದು, ಇಲ್ಲಿ ಕೆಲವೇ ದಿನಕ್ಕೆ ಸಣ್ಣ ಪ್ರಮಾಣದಲ್ಲಿ ಕೊಡುತ್ತೇವೆ ಎಂದು ವೈದ್ಯರು ಬಿಡಿಸಿ ಹೇಳಿದರು. ಕಿಲೋ ತೂಕಕ್ಕೆ 0.1 ಮಿಲಿಗ್ರಾಂ ಲೆಕ್ಕ ಹಾಕಿ, ಅದಕ್ಕಿಂತ ತುಸು ಕಡಿಮೆಯಾಗಿ 2.5 ಮಿಲಿಗ್ರಾಂ ಮಾತ್ರೆಯಿಂದ ಶುರು ಮಾಡಿದರು. ಲೋರಾಜೆಪಾಮ್ ಆಗಲೇ ನಿಂತಿತ್ತು. ಎರಡೂ ಸೇರಿದರೆ ಮಂಪರು ಹೆಚ್ಚು. ಮೆಟೊಕ್ಲೋಪ್ರಮೈಡ್ ಜೊತೆಗೂ ಇದನ್ನು ಕೊಡುವುದಿಲ್ಲ, ಎರಡೂ ಡೋಪಮೈನ್ ತಡೆಯುವಂಥವು. ಇಸಿಜಿ ಮತ್ತೊಮ್ಮೆ ನೋಡಿದರು.

ಮರುದಿನ ಅವಳು ಮಧ್ಯಾಹ್ನದ ಹತ್ತಿರದವರೆಗೆ ಮಲಗಿದಳು. ಅಮ್ಮ ಗಾಬರಿಯಾದರು. ಕರೆದರೆ ಕಣ್ಣು ಬಿಡುತ್ತಿದ್ದಳು, ಮಾತಾಡುತ್ತಿದ್ದಳು, ಉಸಿರು ಚೆನ್ನಾಗಿತ್ತು. ನಿಲ್ಲಿಸುವ ಬದಲು ಮಾತ್ರೆಯ ಹೊತ್ತನ್ನು ಸಂಜೆಗೆ ಹಿಂದೂಡಿದರು. ಮಂಪರಿನ ಹೆಚ್ಚಿನ ಭಾಗ ರಾತ್ರಿಯಲ್ಲೇ ಕಳೆಯಿತು. ನಾಲ್ಕನೇ ದಿನ, ಐದನೇ ದಿನ ಎರಡನೇ ಮುಖ. ಊಟ ಅರ್ಧ ಸೇರಿತು. ಈ ಸುತ್ತಿನಲ್ಲಿ ನೀರು ಬತ್ತಿ ವಾಪಸು ಸೇರಿಸುವ ಪ್ರಸಂಗ ಬರಲಿಲ್ಲ. ಮೆಗ್ನೀಸಿಯಂ ಈ ಸಲವೂ ಇಳಿಯಿತು, ಅದು ಸಿಸ್‌ಪ್ಲಾಟಿನ್ ನೇರವಾಗಿ ಮಾಡುವ ಕೆಲಸ. ಕ್ರಿಯಾಟಿನಿನ್ ಏರಲಿಲ್ಲ.

ವಾಕರಿಕೆ ಸೊನ್ನೆಯಾಗಲಿಲ್ಲ, ಆಮೇಲಿನ ಸುತ್ತುಗಳಲ್ಲೂ ಆಗಲಿಲ್ಲ. ಸ್ಪಿರಿಟ್ ವಾಸನೆಗೆ ವಾಂತಿಯಾಗುವುದು ನಿಂತಿತು, ಮುಖ ಕಿವುಚುವುದು ಉಳಿಯಿತು. ಆಪರೇಷನ್ ಆದ ಮೇಲೆ ಮಾರ್ಫಿನ್‌ನಿಂದ ಬೇರೆ ಥರದ ವಾಕರಿಕೆ ಬಂತು, ಅದಕ್ಕೆ ಮಾರ್ಫಿನ್ ಡೋಸ್ ಮತ್ತು ಮಲಬದ್ಧತೆ ಎರಡನ್ನೂ ನೋಡಿಕೊಂಡರೆ ಸಾಕಾಯಿತು. ಬಾಕಿ ಸಿಸ್‌ಪ್ಲಾಟಿನ್ ಸುತ್ತುಗಳಲ್ಲಿ ಒಲಾನ್ಜಪೈನ್ ಅನ್ನು ವಾಂತಿ ಬರುವವರೆಗೆ ಕಾಯದೆ ಮೊದಲ ಸಂಜೆಯಿಂದಲೇ ಸೇರಿಸಿದರು. ಹಿಂದಿನ ಸುತ್ತಿನಲ್ಲಿ ಕೊನೆಗೆ ಕೈಹಿಡಿದದ್ದನ್ನು ಮುಂದಿನ ಸುತ್ತಿನಲ್ಲಿ ಮೊದಲಿಗೇ ಕೊಡುವುದು, ಹೀಗೆ ಒಂದೊಂದು ಸುತ್ತೂ ಮುಂದಿನದರ ಯೋಜನೆಯಾಯಿತು.

ಒಂಬತ್ತನೇ ದಿನದ ವಾಂತಿ

ಅಂಥ ಒಂದು ಸುತ್ತಿನ ಒಂಬತ್ತನೇ ದಿನ ಅಮ್ಮನ ಫೋನ್ ಬಂತು. ಮಿನ್ನುವಿಗೆ ಬೆಳಿಗ್ಗೆಯಿಂದ ಎರಡು ಸಲ ವಾಂತಿಯಾಗಿದೆ ಅಂದರು. ಮನೆಯವರೆಲ್ಲ ಕೀಮೋ ವಾಂತಿಯೇ ಅಂದಿದ್ದರಂತೆ. ಅಮ್ಮ ಮುಖಗಳ ಹಾಳೆ ನೋಡಿದರು. ಆರನೇ ದಿನದಿಂದ ಎಂಟನೇ ದಿನದವರೆಗೆ ಎಲ್ಲವೂ ಒಂದನೇ ಮುಖ. ‘ಇದು ಅದಲ್ಲ ಅನ್ಸುತ್ತೆ ಸಿಸ್ಟರ್, ಅದಾದ್ರೆ ಇಷ್ಟು ಹೊತ್ತಿಗೆ ಮುಗಿದಿರ್ಬೇಕಿತ್ತು’ ಅಂದರು. ಜ್ವರ ನೋಡಲು ಹೇಳಿದೆ. 38.4 ಡಿಗ್ರಿ ಸೆಲ್ಸಿಯಸ್ ಇತ್ತು. ತಕ್ಷಣ ಕರೆದುಕೊಂಡು ಬನ್ನಿ ಅಂದೆ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಸಂಖ್ಯೆ ತೀರಾ ಇಳಿದಿತ್ತು. ಬಂದ ಕೂಡಲೇ ರಕ್ತದ ಕಲ್ಚರ್‌ಗೆ ಕೊಟ್ಟು ಆಂಟಿಬಯೋಟಿಕ್ ಶುರು ಮಾಡಿದರು. ಸೋಂಕಿನಿಂದ ಅವಳು ಚೇತರಿಸಿಕೊಂಡಳು.

ಕೀಮೋ ಪಡೆಯುತ್ತಿರುವ ಮಗುವಿನ ಎಲ್ಲ ವಾಂತಿಯೂ ಕೀಮೋ ವಾಂತಿಯಲ್ಲ. ಸೋಂಕು ಇರಬಹುದು, ಹೊಟ್ಟೆ ಕಟ್ಟಿರಬಹುದು, ಲವಣಗಳು ಏರುಪೇರಾಗಿರಬಹುದು. ಆಸ್ಪರಾಜಿನೇಸ್ ಎಂಬ ಕೀಮೋ ಔಷಧ ಪಡೆಯುವ ಮಗುವಿಗೆ ಹೊಟ್ಟೆನೋವಿನ ಜೊತೆ ವಾಂತಿಯಾದರೆ ಮೇದೋಜೀರಕ ಗ್ರಂಥಿಯ ಉರಿಯೂತ ಇದೆಯೇ ಎಂದು ನೋಡಬೇಕು. ಮೆದುಳಿನ ಗಡ್ಡೆ ಇರುವ ಮಗುವಿಗೆ ಬೆಳಿಗ್ಗೆ ತಲೆನೋವಿನ ಜೊತೆ ವಾಂತಿಯಾದರೆ ತಲೆಯೊಳಗಿನ ಒತ್ತಡ ಏರಿದೆಯೇ ಎಂದು ನೋಡಬೇಕು. ತಡವಾಗಿ ಬರುವ ವಾಂತಿ ಸಾಮಾನ್ಯವಾಗಿ ಐದನೇ ದಿನಕ್ಕೆ ಇಳಿಮುಖವಾಗುತ್ತದೆ. ಆ ಹೊತ್ತು ಮೀರಿ, ಮಧ್ಯೆ ಚೆನ್ನಾಗಿದ್ದು ಮತ್ತೆ ಶುರುವಾದ ವಾಂತಿಗೆ ಬೇರೆ ಕಾರಣ ಹುಡುಕಬೇಕು. ಮಿನ್ನುವಿನ ಅಮ್ಮನಿಗೆ ಅದು ಹೊಳೆದದ್ದು ದಿನದಿನದ ಗುರುತು ಕೈಯಲ್ಲಿ ಇದ್ದದ್ದರಿಂದ.

ವಾರ್ಡಿನಲ್ಲಿ ಈಗ ನಡೆಯುವುದು

ಮಿನ್ನುವಿನ ನಂತರ ನಮ್ಮ ಕೆಲಸದ ರೀತಿ ಕೆಲವು ಕಡೆ ಬದಲಾಯಿತು. ಮೇಲಿನ ಗುಂಪಿನ ಕೀಮೋ ಬರೆದ ದಿನವೇ ಅಪ್ರೆಪಿಟಂಟ್ ಯಾವ ರೂಪದಲ್ಲಿ ಬೇಕು ಎಂದು ಔಷಧಾಲಯಕ್ಕೆ ತಿಳಿಸುತ್ತೇವೆ. ಮಗುವಿಗೆ ನುಂಗಲು ಬರುತ್ತದೆಯೇ ಎಂದು ಆಗಲೇ ಕೇಳಿಬಿಡುತ್ತೇವೆ. ಪ್ರತಿ ಪಾಳಿಯಲ್ಲೂ ನೋವಿನ ಅಂಕದ ಪಕ್ಕದಲ್ಲಿ ವಾಕರಿಕೆಯ ಮುಖವನ್ನು ಬರೆಯುತ್ತೇವೆ, ಮಗು ತೋರಿಸಿದ್ದನ್ನೇ. ಮಾತು ಬಾರದ ಪುಟ್ಟ ಮಕ್ಕಳ ವಿಷಯದಲ್ಲಿ ಇದು ಇನ್ನೂ ಕಷ್ಟವೇ. ಅಲ್ಲಿ ಎಂಜಲು, ಬಿಳಿಚಿದ ಮುಖ, ಹಾಲು ದೂಡುವುದು ಇಂಥವನ್ನೇ ನಂಬಬೇಕಾಗುತ್ತದೆ.

ಮನೆಗೆ ಹೋಗುವ ಮೊದಲು ಒಬ್ಬ ನರ್ಸ್ ಅಪ್ಪ ಅಮ್ಮನ ಜೊತೆ ಕೂತು ಐದು ದಿನದ ಔಷಧದ ಹಾಳೆ ಓದಿಸುತ್ತಾರೆ. ಮೂರನೇ ದಿನ ನಾವೇ ಫೋನ್ ಮಾಡಿ ಯಾವ ಮುಖ ಎಂದು ಕೇಳುತ್ತೇವೆ. ಸಾಧ್ಯವಾದರೆ ಮಗುವಿನ ಕೈಗೇ ಫೋನ್ ಕೊಡಿ ಅನ್ನುತ್ತೇವೆ. ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಯಾವಾಗ ಕಾಯದೆ ಬರಬೇಕು ಎಂದು ಇರುತ್ತದೆ: 38 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಕುಡಿದದ್ದೆಲ್ಲ ಹೊರಗೆ ಬರುವುದು, ಎಂಟು ಗಂಟೆಯಾದರೂ ಮೂತ್ರವಿಲ್ಲದಿರುವುದು, ವಾಂತಿಯಲ್ಲಿ ರಕ್ತ ಅಥವಾ ಹಸಿರು ಪಿತ್ತ, ತೀವ್ರ ತಲೆನೋವು ಅಥವಾ ಹೊಟ್ಟೆನೋವು, ಎಬ್ಬಿಸಿದರೆ ಸರಿಯಾಗಿ ಎಚ್ಚರಾಗದಿರುವುದು. ಮಿನ್ನುವಿನ ಅಮ್ಮ ಫೋನ್ ಮಾಡಿದ ಮೇಲೆ ಆ ಪಟ್ಟಿಗೆ ಇನ್ನೊಂದು ಸಾಲು ಸೇರಿತು: ವಾಂತಿ ನಿಂತು ಕೆಲವು ದಿನ ಚೆನ್ನಾಗಿದ್ದು ಮತ್ತೆ ಶುರುವಾದರೆ, ಜ್ವರ ಇಲ್ಲದಿದ್ದರೂ ಅವತ್ತೇ ಫೋನ್ ಮಾಡಿ.